ಅಮ್ಮ ಹಂಚಿದ ಬಿಳಿ ಮಾತ್ರೆ

ಬ್ಲೌಸ್ ಹೊಲಿಯುವವಳ ಮೇಲೆ ಜನ ಹೊರಿಸುವ ಆರೋಪ ಒಂದೇ. "ಅಳತೆ ಬ್ಲೌಸ್ ಕೊಟ್ಟಿದ್ನಲ್ಲ, ಆದ್ರೂ ಯಾಕೆ ಹೀಗೆ ಹೊಲಿದ್ರಿ?" ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಮಕ್ಕಳು ಹುಟ್ಟುವ ಮೊದಲಿನಿಂದಲೂ ಹೊಲಿಯುತ್ತಿದ್ದೇನೆ. ಈ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಹೊಸ ಬ್ಲೌಸ್ ಬೇಕಾದವರು ತಮ್ಮ ಮೈಗೆ ಚೆನ್ನಾಗಿ ಕೂರುವ ಹಳೆಯದೊಂದನ್ನು ತಂದುಕೊಡುತ್ತಾರೆ, ನಾನು ಅದನ್ನು ಬಟ್ಟೆಯ ಮೇಲೆ ಹಾಸಿ ಗುರುತು ಮಾಡಿ ಕತ್ತರಿಸುತ್ತೇನೆ. ಅದೇ ಅಳತೆ ಬ್ಲೌಸ್. ಅದು ಸರಿ ಇದ್ದರೆ ನನ್ನದೂ ಸರಿ, ಎರಡು ಮಾತಿಲ್ಲ.

ಹಾಗಿರುವಾಗ ಆ ದಿನ ಆರು ಜನರಿಗೆ ಹೊಲಿದ ಆರು ಬ್ಲೌಸುಗಳಲ್ಲಿ ಒಂದೂ ಯಾರಿಗೂ ಆಗಲಿಲ್ಲ ಅಂದರೆ ನನ್ನ ಸ್ಥಿತಿ ಏನಾಗಿರಬೇಡ!

ಆ ಆರು ಜನರಲ್ಲಿ ಒಬ್ಬಳು ನಮ್ಮಮ್ಮ. ಅಪ್ಪ ಹೋದ ಮೇಲೆ ದಾವಣಗೆರೆಯಿಂದ ಬಂದು ನನ್ನ ಜೊತೆಗೇ ಇದ್ದಾಳೆ. ಬಂದ ಹೊಸತರಲ್ಲಿ ಮಂಕಾಗಿ ಕೂತಿರುತ್ತಿದ್ದವಳು, ಆಮೇಲೆ ರಸ್ತೆಯ ಹೆಂಗಸರನ್ನು ಒಬ್ಬೊಬ್ಬರಾಗಿ ಸೇರಿಸಿ ವಚನ ಹಾಡುವ ಗುಂಪು ಕಟ್ಟಿದಳು. ಪ್ರತಿ ಸೋಮವಾರ ಸಂಜೆ ನಮ್ಮ ಹಾಲ್‌ನಲ್ಲೇ ಹಾಡು. ಅಮ್ಮನ ಬಲಗೈ ಎಂದರೆ ಎದುರುಮನೆಯವರು. ಅವರು ನಮಗೆ ನೆಂಟರೇನಲ್ಲ, ಆದರೆ ನಾನು ಚಿಕ್ಕಮ್ಮ ಎನ್ನುತ್ತೇನೆ. ಅವರು ಅಮ್ಮನನ್ನು ಅಕ್ಕಾ ಎನ್ನುತ್ತಾರೆ. ಬೆಳಿಗ್ಗೆ ಹಾಲು ತರುವುದರಿಂದ ಹಿಡಿದು ಸಂಜೆ ಸೊಪ್ಪು ಬಿಡಿಸುವವರೆಗೆ ಇಬ್ಬರೂ ಜೊತೆ. ಗುಂಪಿಗೆ ಕೆಂಗೇರಿ ಉಪನಗರದಲ್ಲಿ ಒಂದು ಗೃಹಪ್ರವೇಶಕ್ಕೆ ಹಾಡಲು ಕರೆ ಬಂದಿತ್ತು. ಮೊದಲ ಸಲ ಹೊರಗೆ ಹಾಡುವುದು! ಎಲ್ಲರಿಗೂ ಒಂದೇ ಥರದ ಕುಂಕುಮ ಬಣ್ಣದ ಬ್ಲೌಸ್ ಆಗಲೇಬೇಕೆಂದು ಅಮ್ಮನ ಹಟ.

ಟ್ರಯಲ್ ನೋಡಲು ಆರೂ ಜನ ನನ್ನ ಕೋಣೆಯಲ್ಲಿ ಸೇರಿದರು. ಚಿಕ್ಕಮ್ಮ ಮೊದಲು ಹಾಕಿಕೊಂಡರು. ಎದೆಯ ಹತ್ತಿರ ಹುಕ್ಕು ಕೂಡುವುದೇ ಇಲ್ಲ, ತೋಳು ಮಾತ್ರ ಜೋಲು ಜೋಲು. ಹಿಂದೆ ಕುತ್ತಿಗೆಯ ಕೆಳಗೆ ಬಟ್ಟೆ ಎದ್ದು ನಿಂತಿತ್ತು. ಕೈಯಾಡಿಸಿದೆ, ಅಲ್ಲಿ ಮೆತ್ತಗಿನ ಗುಬಟು. ಇನ್ನೊಬ್ಬರಿಗೆ ಹಾಕಿಸಿದೆ, ಅವರಿಗೂ ಅದೇ ಕಥೆ. ಮತ್ತೊಬ್ಬರು, ಮತ್ತೊಬ್ಬರು, ಕೊನೆಗೆ ನಮ್ಮಮ್ಮ. ಎಲ್ಲರಿಗೂ ಹೊಟ್ಟೆ ಎದೆ ಬಿಗಿ, ತೋಳು ಸಡಿಲ, ಬೆನ್ನ ಮೇಲೆ ಗುಬಟು. ದಪ್ಪ ಆದರೆ ತೋಳೂ ದಪ್ಪ ಆಗಬೇಕು ತಾನೇ? ಇದ್ಯಾವ ಸೀಮೆ ದಪ್ಪ!

"ಎಲ್ಲಾರೂ ಯಾವ ಕಾಲದ ಬ್ಲೌಸ್ ತಂದ್ಕೊಟ್ರಿ? ನಿಮ್ಮ ಸೀಮಂತದ್ದಾ?" ಎಂದು ರೇಗಿದೆ.

"ಹೋದ ಹಬ್ಬಕ್ಕೆ ನೀನೇ ಹೊಲ್ಕೊಟ್ಟಿದ್ದು ಕಣೇ" ಎಂದರು ಚಿಕ್ಕಮ್ಮ.

ತಲೆ ಎತ್ತಿ ಕನ್ನಡಿ ನೋಡಿದೆ. ಕನ್ನಡಿಯೊಳಗೆ ಆರು ಮುಖಗಳು. ಆರೂ ಒಂದೇ ಮುಖ. ದುಂಡಗೆ ಊದಿದ ಕೆನ್ನೆ, ಕೆನ್ನೆಯ ಮೇಲೆ ಕೆಂಪು, ಅದರ ಮಧ್ಯೆ ಸಣ್ಣದಾಗಿ ಹೋದ ಕಣ್ಣು. ಚೂಪು ಗಲ್ಲದ ಚಿಕ್ಕಮ್ಮನಿಗೂ, ಉದ್ದ ಮುಖದ ಅಮ್ಮನಿಗೂ, ಬೇರೆ ಬೇರೆ ಊರಿನಿಂದ ಬಂದ ಉಳಿದವರಿಗೂ ಒಂದೇ ಮುಖ ಬಂದುಬಿಟ್ಟಿತ್ತು. ದಿನಾ ನೋಡುತ್ತಿದ್ದೆನಲ್ಲ, ಒಬ್ಬೊಬ್ಬರನ್ನೇ ನೋಡುವಾಗ ಕಂಡಿರಲಿಲ್ಲ.

"ಏನಿದು, ಎಲ್ಲಾ ಒಂದೇ ಥರ ಕಾಣ್ತಿದೀರಲ್ಲ?" ಎಂದೆ.

"ಒಟ್ಟಿಗೆ ಹಾಡಿ ಹಾಡಿ ಮುಖಾನೂ ಒಂದೇ ಆಗೋಯ್ತು" ಎಂದರು ಚಿಕ್ಕಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಬೈದುಕೊಳ್ಳುತ್ತಲೇ ಆರೂ ಬ್ಲೌಸಿನ ಹೊಲಿಗೆ ಬಿಚ್ಚಿ, ಪಕ್ಕ ಸಡಿಲ ಬಿಟ್ಟು, ತೋಳು ಬಿಗಿ ಹಿಡಿದು ಮತ್ತೆ ಹೊಲಿದೆ.

ಅಮ್ಮನ ಮುಖ ದುಂಡಗಾದದ್ದು ನಮಗೆ ಹೆಮ್ಮೆಯ ವಿಷಯವಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಊರಿನಿಂದ ಬಂದವರೆಲ್ಲ "ಮಗಳ ಮನೆ ಊಟ ಮೈಗೆ ಹತ್ತೈತಿ, ಮುಖದಾಗ ಏನ್ ಕಳೆ ಬಂದೈತಿ" ಎನ್ನುತ್ತಿದ್ದರು, ನಾನು ಉಬ್ಬಿಹೋಗುತ್ತಿದ್ದೆ. ಬಂದ ಹೊಸತರಲ್ಲಿ ಬೆರಳಿನ ಗೆಣ್ಣು, ಮಂಡಿ ಎಲ್ಲ ಊದಿ, ಲೋಟ ಎತ್ತಲೂ ಆಗದೆ ಅಳುತ್ತಿದ್ದವಳು ಅವಳು. ಆಗ ಒಬ್ಬ ಡಾಕ್ಟರು ಚಿಕ್ಕ ಬಿಳಿ ಮಾತ್ರೆ ಬರೆದುಕೊಟ್ಟು, ಸ್ವಲ್ಪ ದಿನಕ್ಕೆ ಮಾತ್ರ, ಮುಗಿದ ಕೂಡಲೇ ಬಂದು ತೋರಿಸಿ ಎಂದಿದ್ದರು. ಎರಡನೇ ದಿನಕ್ಕೇ ಅಮ್ಮ ಎದ್ದು ಓಡಾಡಿದಳು. ನೋವೇ ಇಲ್ಲದ ಮೇಲೆ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ? ಖಾಲಿಯಾದ ಸ್ಟ್ರಿಪ್ ತೋರಿಸಿದರೆ ಮೆಡಿಕಲ್ ಶಾಪಿನವರು ಹೊಸದು ಕೊಡುತ್ತಿದ್ದರು. ಅಮ್ಮ ನಿಲ್ಲಿಸಲೇ ಇಲ್ಲ. ಆ ಮಾತ್ರೆ ಎಂದೋ ಮುಗಿದಿದೆ ಎಂದುಕೊಂಡು ನಾನು ನನ್ನ ಮಿಷನ್ ತುಳಿಯುತ್ತಿದ್ದೆ.

ಇನ್ನು ನಮ್ಮಮ್ಮನ ಸ್ವಭಾವ. ತನಗೆ ಒಳ್ಳೆಯದಾದ ಯಾವುದನ್ನೂ ಒಬ್ಬಳೇ ಇಟ್ಟುಕೊಳ್ಳುವವಳಲ್ಲ. ಶೇಂಗಾ ಚಟ್ನಿಪುಡಿ ಮಾಡಿದರೂ ಆರು ಡಬ್ಬಿಗೆ ತುಂಬುವವಳು. ತಿನ್ನುವುದನ್ನು ಹಂಚಿ ತಿನ್ನಬೇಕು ಎನ್ನುವುದು ಅವಳಿಗೆ ತವರಿನಿಂದ ಬಂದ ದಾಸೋಹದ ಪಾಠ. ಮಾತ್ರೆಯನ್ನೂ ಹಾಗೇ ಹಂಚಿದಳು! ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ಉಬ್ಬಸ, ಮತ್ತೊಬ್ಬರಿಗೆ ಮೈ ತುರಿಕೆ, ಚಿಕ್ಕಮ್ಮನಿಗೆ ಮಂಡಿ. ಎಲ್ಲಕ್ಕೂ ಅದೇ ಬಿಳಿ ಮಾತ್ರೆ, ಎಲ್ಲರಿಗೂ ಗುಣ. ಹಾಡು ಮುಗಿದು ಪ್ರಸಾದದ ಕಲ್ಲುಸಕ್ಕರೆ ಕೊಡುವಾಗ, ಯಾರಿಗಾದರೂ ಮಾತ್ರೆ ಮುಗಿದಿದ್ದರೆ ನನ್ನ ಕತ್ತರಿಯಿಂದಲೇ ತನ್ನ ಸ್ಟ್ರಿಪ್ ಕತ್ತರಿಸಿ ಕೊಡುತ್ತಿದ್ದಳಂತೆ. ನನ್ನ ಬಟ್ಟೆ ಕತ್ತರಿ! ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಗೃಹಪ್ರವೇಶದ ದಿನ ಎರಡು ಆಟೋದಲ್ಲಿ ಹೊರಟೆವು. ಒಂದರಲ್ಲಿ ನಾನು, ಅಮ್ಮ, ಚಿಕ್ಕಮ್ಮ, ತೊಡೆಯ ಮೇಲೆ ತಾಳ, ಕಂಜಿರ ಇದ್ದ ಚೀಲ. ಮೈಸೂರು ರಸ್ತೆ ಬಿಟ್ಟು ಕೆಂಗೇರಿಯ ಒಳಗೆ ತಿರುಗಿದ ಮೇಲೆ ಒಂದು ಹಂಪು. ಆಟೋದವನು ನೋಡಲಿಲ್ಲ, ಗಾಡಿ ಎಗರಿ ಕೂತಿತು. ನಾನು "ಏನಣ್ಣಾ, ನಿಧಾನ" ಎನ್ನುವಷ್ಟರಲ್ಲಿ ಚಿಕ್ಕಮ್ಮನ ಬಾಯಿಂದ ಒಂದು ಕೂಗು ಬಂತು. ಅಂಥ ಕೂಗನ್ನು ನಾನು ಹೆರಿಗೆ ವಾರ್ಡಿನಲ್ಲಿ ಮಾತ್ರ ಕೇಳಿದ್ದೆ. ಮುಂದಕ್ಕೆ ಬಾಗಿದವರು ನೆಟ್ಟಗಾಗಲೇ ಇಲ್ಲ. ಒಂದು ಹಂಪು! ದಿನಕ್ಕೆ ಎಷ್ಟೋ ಜನ ಅದರ ಮೇಲೆ ಹಾದುಹೋಗುತ್ತಾರೆ, ಅದೇ ಆಟೋದಲ್ಲಿ ನಮ್ಮ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ.

ಹತ್ತಿರದ ಆಸ್ಪತ್ರೆಗೆ ಎರಡೂ ಆಟೋ ತಿರುಗಿಸಿದೆವು. ಎಕ್ಸರೇ ತೆಗೆದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅದನ್ನು ನೋಡಿ, ಬೆನ್ನುಮೂಳೆಯ ಎರಡು ಬಿಲ್ಲೆ ಕುಸಿದಿವೆ ಎಂದರು.

"ಹಂಪ್ ಮೇಲೆ ಹೋದ್ರೆ ಮೂಳೆ ಕುಸಿಯಲ್ಲ. ಇವರು ಏನೇನು ಮಾತ್ರೆ ತಗೋತಾರೆ?"

"ಬೀಪಿ ಮಾತ್ರೆ" ಎಂದೆ, ನನಗೆ ಗೊತ್ತಿದ್ದದ್ದು ಅಷ್ಟೇ.

ಅಮ್ಮ ಮುಂದೆ ಬಂದು, ಒಳ್ಳೆಯದನ್ನು ಹೇಳುವವಳ ಧ್ವನಿಯಲ್ಲಿ, "ಮಂಡಿನೋವಿಗೆ ಒಂದು ಚಿಕ್ಕ ಮಾತ್ರೆ ಡಾಕ್ಟ್ರೇ, ನಾನೇ ಕೊಟ್ಟಿದ್ದು. ತುಂಬಾ ಒಳ್ಳೇದು. ನಾನೂ ತಗೋತೀನಿ" ಎಂದು ಪರ್ಸಿನಿಂದ ಸ್ಟ್ರಿಪ್ ತೆಗೆದು ತೋರಿಸಿದಳು.

ಡಾಕ್ಟರಮ್ಮ ಸ್ಟ್ರಿಪ್ ನೋಡಿ, ಅಮ್ಮನ ಮುಖ ನೋಡಿದರು. ಆಮೇಲೆ ಅವರ ಕಣ್ಣು ಬಾಗಿಲ ಹತ್ತಿರ ಸಾಲಾಗಿ ನಿಂತಿದ್ದ ಉಳಿದವರ ಕಡೆ ಹೋಯಿತು. ಒಂದೇ ಬಣ್ಣದ ಬ್ಲೌಸ್, ಒಂದೇ ಮುಖ. "ನೀವೂನಾ?" ಎಂದು ಕೇಳಿದರು. ಒಬ್ಬೊಬ್ಬರೇ ಪರ್ಸ್ ತೆಗೆದರು. ಎಲ್ಲರ ಕೈಯಲ್ಲೂ ಅದೇ ಸ್ಟ್ರಿಪ್. ಅಯ್ಯೋ ಶಿವನೇ, ಇಷ್ಟು ದಿನ ನನ್ನ ಮನೆಯ ಹಾಲ್‌ನಲ್ಲಿ, ನನ್ನ ಕಣ್ಣೆದುರೇ!

ಡಾಕ್ಟರಮ್ಮ ಗದರಲಿಲ್ಲ. ಒಬ್ಬೊಬ್ಬರ ತೋಳು ಮುಟ್ಟಿ ನೋಡಿದರು. ತೋಳಿನ ಮೇಲಿನ ನೀಲಿ ಕಲೆಗಳನ್ನು ತೋರಿಸಿ ಇದೇನು ಎಂದರು. "ಬಳೆ ಒತ್ತಿದ್ದು" ಎಂದಳು ಅಮ್ಮ. "ಬಳೆ ಒತ್ತಿದ್ರೆ ಹೀಗಾಗಲ್ಲಮ್ಮ, ಚರ್ಮ ತೆಳ್ಳಗಾಗಿದೆ" ಎಂದರು. ಬೆನ್ನಿನ ಗುಬಟು ನೋಡಿದರು. ಬೆರಳು ಚುಚ್ಚಿ ಸಕ್ಕರೆ ಪರೀಕ್ಷಿಸಿದರು, ಯಾವತ್ತೂ ಶುಗರ್ ಇರದಿದ್ದ ಇಬ್ಬರಿಗೆ ಏರಿತ್ತು. ಅಮ್ಮ ಕೋಳಿ ಕೂಗುವ ಮುಂಚೆ ಎದ್ದು ಡಬ್ಬಿಗಳನ್ನೆಲ್ಲ ತೊಳೆಯುತ್ತಿದ್ದದ್ದು, ತಿಂಡಿ ತಿಂದು ಅರ್ಧ ಗಂಟೆಗೆ ಮತ್ತೆ ಹಸಿವು ಎನ್ನುತ್ತಿದ್ದದ್ದು, ಎಲ್ಲ ನನಗೆ ಆಗ ನೆನಪಾಯಿತು. ಆರೋಗ್ಯ ಅಂದುಕೊಂಡಿದ್ದೆವಲ್ಲ!

"ಇದು ಸ್ಟೀರಾಯ್ಡು. ವಿಷ ಅಲ್ಲ, ಇದರಿಂದ ಬದುಕಿರೋ ಪೇಶಂಟ್ಸ್ ನಂಗೆ ಬೇಕಾದಷ್ಟು ಜನ ಇದಾರೆ. ಆದ್ರೆ ಯಾರಿಗೆ, ಎಷ್ಟು, ಎಲ್ಲಿವರೆಗೆ ಅಂತ ನೋಡ್ಕೊಂಡು ಕೊಡಬೇಕು" ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಕಡೆ ತಿರುಗಿ, ಒತ್ತಿ ಹೇಳಿದರು: "ಹೆದರ್ಕೊಂಡು ಯಾರೂ ತಟ್ ಅಂತ ನಿಲ್ಲಿಸಬೇಡಿ. ಇಂಥದ್ದನ್ನ ನಮ್ಮ ದೇಹನೇ ಮಾಡ್ಕೊಳತ್ತೆ. ಹೊರಗಿಂದ ದಿನಾ ಸಿಕ್ತಾ ಇದ್ರೆ ಅದು ಮಾಡೋದೇ ಬಿಟ್ಬಿಡತ್ತೆ. ಈಗ ಸಡನ್ನಾಗಿ ನಿಲ್ಲಿಸಿದ್ರೆ ಒಳಗೂ ಇಲ್ಲ, ಹೊರಗೂ ಇಲ್ಲ. ಜೀವಕ್ಕೇ ಅಪಾಯ. ಟೆಸ್ಟ್ ಮಾಡಿಸ್ಕೊಂಡು ಬನ್ನಿ, ಸ್ವಲ್ಪಸ್ವಲ್ಪನೇ ಇಳಿಸೋಣ."

ಅಷ್ಟರಲ್ಲಿ ಚಿಕ್ಕಮ್ಮನನ್ನು ಸ್ಟ್ರೆಚರಿನಲ್ಲಿ ವಾರ್ಡಿಗೆ ಸಾಗಿಸುತ್ತಿದ್ದರು. ಅಮ್ಮ ಓಡಿ ಹೋಗಿ ಅವರ ಕೈ ಹಿಡಿದಳು. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ಚಿಕ್ಕಮ್ಮ ಕಣ್ಣು ಬಿಟ್ಟು ನೋಡಿದರು.

"ಅಕ್ಕಾ, ಏನು ಕೊಟ್ಬಿಟ್ಟೆ ನಂಗೆ?"

ಅಷ್ಟೇ ಹೇಳಿದ್ದು. ಬೈಗುಳವೂ ಅಲ್ಲ, ಶಾಪವೂ ಅಲ್ಲ. ಅಮ್ಮ ಕೈ ಬಿಟ್ಟಳು.

ಉಳಿದವರೆಲ್ಲ ಅವರವರ ಮಕ್ಕಳ ಜೊತೆ ಡಾಕ್ಟರ ಹತ್ತಿರ ಹೋಗಿಬಂದರು. ಅಮ್ಮನ ರಕ್ತಪರೀಕ್ಷೆ ಆಗಿ ರಿಪೋರ್ಟ್ ಬರಬೇಕಿತ್ತು, ಅಲ್ಲಿಯವರೆಗೆ ಮಾತ್ರೆ ಬಿಡುವಂತಿರಲಿಲ್ಲ. ನಾನೇ ಬೆಳಿಗ್ಗೆ ತಿಂಡಿ ಆದ ಮೇಲೆ ಅವಳ ಅಂಗೈಗೆ ಹಾಕಿ, ನೀರು ಕೊಟ್ಟು, ಬಾಯಿಗೆ ಹಾಕಿಕೊಳ್ಳುವುದನ್ನು ನೋಡುತ್ತಿದ್ದೆ. ಅಮ್ಮ ಸೊರಗಿದಳು. ಊಟ ಸೇರಲಿಲ್ಲ, ತಿಂದದ್ದು ವಾಂತಿ. ಅಡುಗೆಮನೆಯಿಂದ ಹಾಲ್‌ಗೆ ಬರುವಷ್ಟರಲ್ಲಿ ಎರಡು ಕಡೆ ಕೂತು ಏಳುತ್ತಿದ್ದಳು. ಗ್ಯಾಸ್ ಇರಬೇಕು ಎಂದುಕೊಂಡೆ, ಗೆಳತಿಯ ಚಿಂತೆ ಎಂದುಕೊಂಡೆ. ಚಿಕ್ಕಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರೂ ಎದುರುಮನೆಯ ಕಡೆ ಬಾಗಿಲನ್ನೂ ಅವಳು ತೆರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪೂಜೆಗೆ ಕೂತವಳು ಏಳಲಿಲ್ಲ. ಕರೆದೆ, ಉತ್ತರವಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿದ್ದಾಳೆ, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿದೆ, ಎಡ ಅಂಗೈಯಲ್ಲಿ ಲಿಂಗ ಹಾಗೇ ಇದೆ. ಬೆರಳುಗಳು ಮಾತ್ರ ಅದನ್ನು ಬಿಗಿಯಾಗಿ ಹಿಡಿದಿದ್ದವು. "ಅಮ್ಮಾ!" ಎಂದು ಕೂಗಿದ ಕೂಗಿಗೆ ಮೇಲಿನ ಮನೆಯವರು ಓಡಿಬಂದರು.

ರಾಜಾಜಿನಗರದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಬೀಪಿ ಸಿಕ್ಕುತ್ತಲೇ ಇಲ್ಲ ಎಂದರು. ಅಲ್ಲಿನ ಹಿರಿಯ ಡಾಕ್ಟರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ, "ಮಾತ್ರೆ ನಿಲ್ಲಿಸಿದ್ರಾ?"

"ಇಲ್ಲ ಸಾರ್, ದಿನಾ ನನ್ನ ಕಣ್ಣೆದುರೇ ತಗೊಂಡಿದಾರೆ."

ಅವರು ನನ್ನನ್ನು ಒಮ್ಮೆ ನೋಡಿ, ನರ್ಸಿಗೆ ಏನೋ ಹೇಳಿದರು. ನರ್ಸ್ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದಳು. ಏನಮ್ಮ ಅದು ಎಂದು ಕೇಳಿದೆ. "ಸ್ಟೀರಾಯ್ಡು ಮೇಡಂ" ಎಂದಳು. ನನಗೆ ತಲೆ ಕೆಟ್ಟುಹೋಯಿತು. "ಏನ್ರೀ, ಅದೇ ತಿಂದು ನಮ್ಮಮ್ಮ ಹೀಗಾಗಿರೋದು, ಮತ್ತೆ ಅದನ್ನೇ ಚುಚ್ತೀರಾ? ಮುಟ್ಟಬೇಡಿ ಅವಳನ್ನ!" ಎಂದು ಕಿರುಚಿದೆ. ಡಾಕ್ಟರು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. "ಅದು ಇಲ್ಲದೇ ಇರೋದಕ್ಕೇ ಹೀಗಾಗಿರೋದು. ಈಗ ಕೊಡದಿದ್ರೆ ನಿಮ್ಮ ತಾಯಿ ಉಳಿಯಲ್ಲಮ್ಮ."

ಗ್ಲುಕೋಸ್ ನೀರು, ಆ ಇಂಜೆಕ್ಷನ್. ಗೋಡೆ ಹಿಡಿದು ನಿಂತೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟು, "ಕಾಫಿ ಸಿಗತ್ತೇನೇ ಇಲ್ಲಿ?" ಎಂದು ಕೇಳಿದಳು. ಚಿಕ್ಕಮ್ಮನ ಬೆನ್ನು ಮುರಿದದ್ದೂ ಅದೇ, ನನ್ನಮ್ಮನನ್ನು ಸಾವಿನ ಬಾಗಿಲಿಂದ ಎಳೆದು ತಂದದ್ದೂ ಅದೇ. ಇದನ್ನು ನಾನು ಯಾವ ತಲೆಯಲ್ಲಿ ಇಟ್ಟುಕೊಳ್ಳಲಿ? ಇವತ್ತಿಗೂ ಆ ದಿನ ನೆನೆದರೆ ನನಗೆ ದಿಗಿಲಾಗುತ್ತದೆ.

ಅವಳ ಸೀರೆ, ಟವೆಲ್ ತರಲು ಮನೆಗೆ ಹೋದೆ. ಬಾಲ್ಕನಿಯಲ್ಲಿ ಒಣಗಿದ್ದ ಟವೆಲ್ ಎಳೆಯುವಾಗ ಕರಿಬೇವಿನ ಕುಂಡದ ಕಡೆ ಕಣ್ಣು ಹೋಯಿತು. ಮಣ್ಣಿನ ಮೇಲೆ ಬಿಳಿಬಿಳಿ ಚುಕ್ಕೆ. ಬೆರಳಿನಿಂದ ಕೆದಕಿದೆ. ಅರ್ಧ ಕರಗಿದ ಮಾತ್ರೆಗಳು. ನಾನು ಕೊಟ್ಟದ್ದನ್ನೆಲ್ಲ ನಾಲಿಗೆ ಕೆಳಗೆ ಇಟ್ಟುಕೊಂಡು, ಇಲ್ಲಿಗೆ ಬಂದು ಉಗಿದು ಮಣ್ಣು ಮುಚ್ಚಿದ್ದಳು. ನಾನು ಅಲ್ಲೇ ಕುಂಡದ ಪಕ್ಕ ಕುಕ್ಕರಿಸಿ ಕೂತುಬಿಟ್ಟೆ. ನನಗೆ ಅಳು ಬಂತೋ ಸಿಟ್ಟು ಬಂತೋ ಹೇಳಲಾರೆ, ಎರಡೂ ಬಂತು.

ಆಸ್ಪತ್ರೆಗೆ ಹೋಗಿ ಕೇಳಿದೆ. ಕೇಳಿದ್ದಲ್ಲ, ಜಗಳ ಆಡಿದೆ. "ಸಾಯಬೇಕು ಅಂತಿದ್ಯಾ? ಡಾಕ್ಟರಮ್ಮ ಅಷ್ಟು ಬಡ್ಕೊಂಡ್ರು, ಕಿವಿ ಎಲ್ಲಿಟ್ಟಿದ್ದೆ?"

"ಲಿಂಗ ಕೈಲಿಟ್ಕೊಂಡು ಮಾತು ಕೊಟ್ಟಿದೀನಿ ಕಣೇ. ಅವಳ ಬೆನ್ನು ಮುರಿದ ಮಾತ್ರೆ ನನ್ನ ಬಾಯಿಗೆ ಬೇಡ ಅಂತ."

ತಂದಿದ್ದ ಟವೆಲನ್ನು ಮಂಚದ ಕಂಬಿಗೆ ಹಾಕಿದೆ.

ಮನೆಗೆ ಕಳಿಸುವಾಗ ಡಾಕ್ಟರು ನೂರು ಸಲ ಹೇಳಿದರು: ದಿನವೂ ಮಾತ್ರೆ ನುಂಗಬೇಕು, ತಿಂಗಳುಗಟ್ಟಲೆ, ಅವರು ಹೇಳಿದ ಹಾಗೆ ಇಳಿಸುತ್ತ ಹೋಗಬೇಕು, ಒಂದು ದಿನವೂ ತಪ್ಪಬಾರದು. ಅಮ್ಮ ಹೂಂ ಎಂದಳು. ಮನೆಗೆ ಬಂದ ಮರುದಿನವೇ ಬಾಯಿ ಬಿಗಿದುಕೊಂಡು ಕೂತಳು. ಇನ್ನೊಮ್ಮೆ ಬಿದ್ದರೆ ಉಳಿಯುವುದಿಲ್ಲ ಎಂದು ನನಗೆ ಗೊತ್ತು, ಅವಳಿಗೂ ಗೊತ್ತು. ಬೇಡಿಕೊಂಡೆ, ಬೈದೆ, ಅತ್ತೆ. "ಅವಳು ಅಲ್ಲಿ ಮಲಗಿದಾಳೆ, ನಾನು ಹೆಂಗೆ ನುಂಗ್ಲಿ ಹೇಳು?" ಇದೊಂದೇ ಮಾತು.

ಕೊನೆಗೆ ನಾನು ರಸ್ತೆ ದಾಟಿ ಎದುರುಮನೆಗೆ ಹೋದೆ. ಚಿಕ್ಕಮ್ಮ ಬೆನ್ನಿಗೆ ದಪ್ಪ ಬೆಲ್ಟ್ ಕಟ್ಟಿಕೊಂಡು ಮಂಚದ ಮೇಲಿದ್ದರು. ಕರಿಬೇವಿನ ಕುಂಡದ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, "ವಾಕರ್ ಕೊಡಿಲ್ಲಿ" ಎಂದರು. ಏಳಬಾರದು ಎಂದೆ, ಡಾಕ್ಟರು ಬೈತಾರೆ ಎಂದೆ. "ನೀನು ಬಾಯ್ಮುಚ್ಚು" ಎಂದರು. ಆ ಕಿರಿದಾದ ರಸ್ತೆ ದಾಟಲು ನಮಗೆ ಎಷ್ಟೋ ಹೊತ್ತು ಹಿಡಿಯಿತು. ಸೊಪ್ಪಿನ ಗಾಡಿಯವನು ಗಾಡಿ ನಿಲ್ಲಿಸಿ ದಾರಿ ಬಿಟ್ಟ.

ಅಮ್ಮ ಅವರನ್ನು ನೋಡಿ ಎದ್ದು ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡಳು. ಚಿಕ್ಕಮ್ಮ ನೇರವಾಗಿ ಹತ್ತಿರ ಹೋಗಿ ಕೈ ಚಾಚಿದರು, ನಾನು ಮಾತ್ರೆ ಇಟ್ಟೆ.

"ಬಾಯಿ ತೆಗಿ."

"ನಿಂಗೆ ನಾನು..."

"ಆಮೇಲೆ ಅಳುವಂತೆ. ತೆಗಿ ಬಾಯಿ."

ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ನೀರು ಕುಡಿಸಿದರು. "ನಾಲಿಗೆ ಎತ್ತು ನೋಡಣ. ಆ ಕಡೆ ದವಡೆ. ಹಾಂ." ಆಮೇಲೆ ಬ್ಲೌಸಿನೊಳಗಿಂದ ಸಣ್ಣ ಪರ್ಸ್ ತೆಗೆದು, ತಮ್ಮ ಡಾಕ್ಟರು ಬರೆದುಕೊಟ್ಟಿದ್ದ ಅದೇ ಬಿಳಿ ಮಾತ್ರೆಯನ್ನು ಅದೇ ಲೋಟದ ಉಳಿದ ನೀರಿನಲ್ಲಿ ನುಂಗಿದರು. "ನಾಳೆಯಿಂದ ನಂಗೂ ನಿಂಗೂ ಒಂದೇ ಟೈಮು. ಬರಕ್ಕಾಗದೆ ಇದ್ರೆ ಫೋನ್ ಮಾಡ್ತೀನಿ. ನುಂಗದೆ ಇದ್ರೆ ನೋಡು, ಮತ್ತೆ ಎದ್ದು ಬರ್ತೀನಿ." ಅಮ್ಮ ಅವರ ಭುಜಕ್ಕೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಅಂದಿನಿಂದ ಅವಳು ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ.

ತಿಂಗಳುಗಳು ಕಳೆದವು. ಮಾತ್ರೆ ಅರ್ಧವಾಯಿತು, ಕಾಲಾಯಿತು. ಮುಖಗಳು ಒಂದೊಂದಾಗಿ ವಾಪಸ್ ಬಂದವು. ಅಮ್ಮನ ಉದ್ದ ಮುಖ, ಕುಳಿ ಬಿದ್ದ ಕೆನ್ನೆ. ಗೆಣ್ಣು ನೋವೂ ವಾಪಸ್ ಬಂತು, ಅದಕ್ಕೆ ಬೇರೆ ಔಷಧಿ ನಡೆಯುತ್ತಿದೆ. ಸೋಮವಾರದ ಹಾಡು ಮತ್ತೆ ಶುರುವಾದಾಗ ಕುಂಕುಮ ಬಣ್ಣದ ಬ್ಲೌಸುಗಳನ್ನು ಮತ್ತೊಮ್ಮೆ ಹೊಲಿಯಲು ತಂದರು. ಚಿಕ್ಕಮ್ಮ ಮಾತ್ರ ಬರಿಗೈಯಲ್ಲಿ ಬಂದಿದ್ದರು.

"ಹಳೇ ಬ್ಲೌಸು ಯಾವುದೂ ಆಗಲ್ಲ ಕಣೇ. ಮೈ ಅಳತೆನೇ ತಗೋ."

ಟೇಪ್ ತೆಗೆದು ಬೆನ್ನಿಗೆ ಇಟ್ಟೆ. ಕುತ್ತಿಗೆಯಿಂದ ಸೊಂಟಕ್ಕೆ. ಇಷ್ಟು ವರ್ಷ ಅವರಿಗೆ ಹೊಲಿದ ಕೈ ಇದು, ಅವರ ಬೆನ್ನಿನ ಉದ್ದ ನನಗೆ ಬಾಯಿಪಾಠ. ಟೇಪಿನ ಅಂಕಿ ನೋಡಿ ನಂಬಲಾಗಲಿಲ್ಲ, ಮತ್ತೆ ಇಟ್ಟು ನೋಡಿದೆ. ಊದಿದ್ದ ಮುಖ ಇಳಿಯಿತು, ಬೆನ್ನಿನ ಗುಬಟೂ ಕರಗಿತು, ಕುಸಿದ ಮೂಳೆ ಮಾತ್ರ ಮೇಲೇಳುವುದಿಲ್ಲ. ಟೇಪ್ ಎರಡು ಸಲ ಇಟ್ಟದ್ದು ಅವರಿಗೆ ಗೊತ್ತಾಯಿತು ಎಂದು ಕಾಣುತ್ತದೆ. ಬಾಗಿದ ಬೆನ್ನು ಬಾಗಿದಂತೆಯೇ ಇದ್ದು, ದನಿ ತಗ್ಗಿಸಿ ಹೇಳಿದರು.

"ಎಷ್ಟು ಕಮ್ಮಿ ಆಗಿದೀನಿ ಅಂತ ಅಕ್ಕಂಗೆ ಹೇಳ್ಬೇಡ."

ಒಳಗಿನಿಂದ ಅಮ್ಮ ಕೂಗಿದಳು, "ಏನಂತೆ ಅವಳ ಅಳತೆ? ಬದಲಾಗಿದ್ಯೇನೇ?"

"ಇಲ್ಲಮ್ಮ, ಮೊದಲಿನಷ್ಟೇ ಇದೆ" ಎಂದೆ.